ಮೀನಿಗೂ ಲಸಿಕೆ ಇದೆಯಂತೆ, ಮತ್ತೆ ಆಂಟಿಬಯೋಟಿಕ್ ಯಾಕೆ?

ಒಣ ಬಲೆ
ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ಕೋಳಿಗೆ ಲಸಿಕೆ ಹಾಕುವುದು ಗೊತ್ತು, ಹಸುವಿಗೂ ಗೊತ್ತು. ಸಾಕುವ ಮೀನಿಗೂ ಲಸಿಕೆ ಇದೆ ಅಂತ ಮೊನ್ನೆ ಓದಿ ತಲೆ ಕೆರೆದುಕೊಂಡೆ. ಲಕ್ಷಗಟ್ಟಲೆ ಮೀನು ನೀರಲ್ಲಿ ಓಡಾಡುತ್ತಿರುತ್ತವೆ. ಅವಕ್ಕೆ ಲಸಿಕೆ ಹಾಕುವುದು ಹೇಗೆ? ನೀರಿಗೆ ಸುರಿದುಬಿಡುತ್ತಾರಾ? ಇನ್ನೊಂದು, ಲಸಿಕೆ ಕೆಲಸ ಮಾಡುತ್ತದೆ ಅನ್ನುವುದಾದರೆ ಮೀನು ಸಾಕಣೆಯಲ್ಲಿ ಆಂಟಿಬಯೋಟಿಕ್ ಬಗ್ಗೆ ಇಷ್ಟು ಗಲಾಟೆ ಯಾಕೆ? 2022ರಲ್ಲಿ ಸಾಕಿದ ಮೀನು, ಸೀಗಡಿ ಎಲ್ಲಾ ಸೇರಿ 9.44 ಕೋಟಿ ಟನ್ ಆಗಿ, ಮೊದಲ ಸಲ ಸಮುದ್ರ, ಹೊಳೆಗಳಲ್ಲಿ ಹಿಡಿದ ಮೀನಿಗಿಂತ ಜಾಸ್ತಿಯಾಯಿತು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹೇಳಿದೆ. ಇಷ್ಟು ದೊಡ್ಡ ಕಸುಬಿಗೆ ಒಂದು ಸರಿಯಾದ ಲಸಿಕೆ ಮಾಡೋಕಾಗಲ್ವಾ?

ಗುಮಾನಿ
ಔಷಧ ಮಾರುವವರಿಗೆ ರೋಗ ಬೇಕು ಸ್ವಾಮಿ. ಅಷ್ಟೇ ಉತ್ತರ.

ಮೀನಿನ ಹೆಜ್ಜೆ
ಗುಮಾನಿಯವರೇ, ಅಷ್ಟು ಸುಲಭವಾಗಿದ್ದರೆ ನನ್ನ ಕೆಲಸ ಯಾವತ್ತೋ ಹೋಗುತ್ತಿತ್ತು. ನಾನು ಮೀನಿನ ರೋಗ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಇರುವವಳು.

ಒಣ ಬಲೆಯವರೇ, ಪ್ರಶ್ನೆ ದಡ್ಡತನದ್ದಲ್ಲ. ನೀವು ಕೇಳಿದ 'ಹಾಕುವುದು ಹೇಗೆ' ಅನ್ನುವುದೇ ಈ ವಿಷಯದ ಅರ್ಧ ಕಷ್ಟ. ದಾರಿ ಮೂರು: ತಿನ್ನಿಸುವುದು, ಅದ್ದುವುದು, ಚುಚ್ಚುವುದು.

ತಿನ್ನಿಸುವುದು ಎಲ್ಲಕ್ಕಿಂತ ಹಳೆಯದು. 1942ರಲ್ಲಿ ಕೆನಡಾದ ಡಫ್ ಎಂಬುವರು ಮೀನಿಗೆ ಹುಣ್ಣೇಳುವ ಫ್ಯೂರಂಕ್ಯುಲೋಸಿಸ್ ರೋಗದ ಬ್ಯಾಕ್ಟೀರಿಯಾವನ್ನು ಕ್ಲೋರೋಫಾರ್ಮ್‌ನಲ್ಲಿ ಕೊಂದು, ಟ್ರೌಟ್ ಮೀನಿನ ಮೇವಿಗೆ ಬೆರೆಸಿ ತಿನ್ನಿಸಿದರು. ತಿಂದ ಮೀನುಗಳು ರೋಗವನ್ನು ಚೆನ್ನಾಗಿ ತಡೆದುಕೊಂಡವು. ಅಷ್ಟಾದರೂ ಯಾರೂ ಅದರ ಹಿಂದೆ ಬೀಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಸಲ್ಫಾ, ಆಂಟಿಬಯೋಟಿಕ್ ಕೈಗೆ ಸಿಕ್ಕವಲ್ಲ, ಮೇವಿಗೆ ಒಂದು ಚಮಚ ಬೆರೆಸಿದರೆ ಸಾಯುವುದು ನಿಲ್ಲುತ್ತದೆ ಅಂದಮೇಲೆ ಲಸಿಕೆ ಯಾರಿಗೆ ಬೇಕು? ಪರವಾನಗಿ ಪಡೆದ ಮೊದಲ ಮೀನಿನ ಲಸಿಕೆ ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ಅಮೆರಿಕದಲ್ಲಿ. ಬಾಯಿ ಕೆಂಪಾಗಿ ಸಾಯುವ ಟ್ರೌಟ್ ರೋಗಕ್ಕೆ. ಅದನ್ನು ತರುವ ಬ್ಯಾಕ್ಟೀರಿಯಾ ಎರ್ಸೀನಿಯಾ ರುಕರಿ.

ಆ ಲಸಿಕೆಯನ್ನು ಕೊಡುವುದು ಅದ್ದಿ. ಒಂದು ಲೀಟರ್ ಲಸಿಕೆಗೆ ಒಂಬತ್ತು ಲೀಟರ್ ನೀರು. ಮರಿಗಳನ್ನು ಬಲೆಯಲ್ಲಿ ಎತ್ತಿ, ನೀರು ಸೋರಲು ಬಿಟ್ಟು, ಬಕೆಟ್ಟಿನಲ್ಲಿ ಇಳಿಸಿ 30 ಸೆಕೆಂಡ್ ಎಣಿಸಿ ತೆಗೆಯುವುದು. ಕಿವಿರು, ಚರ್ಮ ಅಷ್ಟರಲ್ಲೇ ಎಳೆದುಕೊಳ್ಳುತ್ತವೆ. ಅದೇ ಹತ್ತು ಲೀಟರಲ್ಲಿ ಸರದಿ ಪ್ರಕಾರ 100 ಕಿಲೋ ಮರಿ ಅದ್ದಬಹುದು. ಮರಿ ಐದು ಗ್ರಾಂ ಇದ್ದರೆ 20,000 ಮರಿ ಆಯಿತು.

ಕೊಳಕ್ಕೆ ಸುರಿದರೆ? ಹತ್ತಕ್ಕೆ ಒಂದು ಇರಬೇಕಾದದ್ದು ಕೋಟಿಗೆ ಒಂದು ಆಗುತ್ತದೆ. ಸುಮ್ನೆ ನೀರಿಗೆ ಹೋಮ.

ಒಣ ಬಲೆ
ಮೇಡಂ, ಇದು ಇಷ್ಟು ಸರಳವಾಗಿದ್ದರೆ ಎಲ್ಲಾ ರೋಗಕ್ಕೂ ಬಕೆಟ್ ಸಾಕಲ್ವಾ?

ಸೂಜಿಮೊನೆ
ಸಾಕಾಗಲ್ಲ. ಹಾಗಾಗಿಯೇ ನನ್ನಂಥವರಿಗೆ ಕೂಲಿ ಸಿಕ್ಕಿದ್ದು :) ಸಾಲ್ಮನ್ ಹ್ಯಾಚರಿ ಒಂದರಲ್ಲಿ ಎರಡು ಸೀಸನ್ ಚುಚ್ಚುವ ಮೇಜಿನಲ್ಲಿ ಕೂತಿದ್ದೆ. ಅದ್ದಿ ಕೊಟ್ಟ ಲಸಿಕೆಯ ಬಲ ಕೆಲವು ತಿಂಗಳಿಗೆ ಇಳಿಯುತ್ತದೆ. ಸಾಲ್ಮನ್ ಸಮುದ್ರದ ಬಲೆಗೂಡಿನಲ್ಲಿ ವರ್ಷಕ್ಕೂ ಜಾಸ್ತಿ ಇರಬೇಕು. ಅದಕ್ಕೆ ಎಣ್ಣೆ ಬೆರೆಸಿದ ಲಸಿಕೆ, ಸೂಜಿಯಲ್ಲಿ, ಹೊಟ್ಟೆಯೊಳಗೆ.

ಕೆಲಸ ಹೀಗೆ. ಮೀನಿಗೆ ಒಂದೆರಡು ದಿನ ಮೇವು ಹಾಕುವುದಿಲ್ಲ, ಕರುಳು ಖಾಲಿ ಇರಬೇಕು. ಮಂಪರು ಔಷಧದ ತೊಟ್ಟಿಗೆ ಬಿಡುತ್ತಾರೆ. ಪಕ್ಕಕ್ಕೆ ವಾಲಿ ಕಿವಿರು ಮಾತ್ರ ಆಡುತ್ತಿರುವಾಗ ಮೇಜಿಗೆ ಬರುತ್ತದೆ. ಎಡಗೈಯಲ್ಲಿ ಬೆನ್ನು ಕೆಳಗೆ, ಹೊಟ್ಟೆ ಮೇಲೆ. ಹೊಟ್ಟೆಯ ರೆಕ್ಕೆಯ ಬುಡದಿಂದ, ಆ ರೆಕ್ಕೆಯ ಒಂದೂವರೆ ಪಟ್ಟು ಉದ್ದ ತಲೆ ಕಡೆಗೆ ಅಳೆದು, ನಟ್ಟನಡುವೆ ಚುಚ್ಚಬೇಕು. 0.1 ಮಿಲಿ ಲೀಟರ್. ಈಗಿನ ಕೆಲವು ಲಸಿಕೆ ಅದರ ಅರ್ಧ. ಚುಚ್ಚಿ ಬಿಟ್ಟರೆ ಪೈಪಿನಲ್ಲಿ ಜಾರಿ ತಿಳಿ ನೀರಿಗೆ ಬಿದ್ದು ಒಂದೆರಡು ನಿಮಿಷಕ್ಕೆ ಎದ್ದು ಈಜುತ್ತದೆ. ಕೈ ಪಳಗಿದವರು ಗಂಟೆಗೆ ಸಾವಿರಕ್ಕೂ ಜಾಸ್ತಿ ಚುಚ್ಚುತ್ತಾರೆ. ದೊಡ್ಡ ಕಡೆ ಈಗ ಯಂತ್ರವೇ ಮಾಡುತ್ತದೆ.

ಜೋರಾಗಿ ಒತ್ತಿದರೆ ಸೂಜಿ ಕರುಳಿಗೆ ಹೋಗುತ್ತದೆ. ಮೇಲೆ ಮೇಲೆ ಚುಚ್ಚಿದರೆ ಮಾಂಸಖಂಡದಲ್ಲೇ ಎಣ್ಣೆ ನಿಲ್ಲುತ್ತದೆ. ಮೊಂಡಾದ ಸೂಜಿ ಬದಲಿಸದೆ ಹಾಗೇ ಹೊಡೆದರೆ ಗಾಯಕ್ಕೆ ಬೂಷ್ಟು ಹಿಡಿಯುತ್ತದೆ.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಆ ಎಣ್ಣೆ ಲಸಿಕೆ ಅಪ್ಪಿತಪ್ಪಿ ನಿಮ್ಮ ಬೆರಳಿಗೆ ಹೋದರೆ 'ಚಿಕ್ಕ ಚುಚ್ಚು' ಅಂತ ಕೂರಬೇಡಿ. ಬೆರಳು ಊದಿ ರಕ್ತ ಓಡಾಟ ನಿಂತು, ಬೆರಳೇ ತೆಗೆಯುವ ಪರಿಸ್ಥಿತಿ ಬರಬಹುದು. ಲಸಿಕೆಯ ಚೀಟಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು. ನನ್ನ ಪಕ್ಕ ಕೂತವನೊಬ್ಬ ಮಧ್ಯಾಹ್ನ ಚುಚ್ಚಿಸಿಕೊಂಡು ಸಂಜೆವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಪಟ್ಟ ಪಾಡು ನಾನೇ ನೋಡಿದ್ದೇನೆ.

ಲೆಕ್ಕದ ಮೇಷ್ಟ್ರು
ಸೂಜಿಮೊನೆಯವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. 1987ರಲ್ಲಿ ನಾರ್ವೆ ಸುಮಾರು 50,000 ಟನ್ ಮೀನು ಬೆಳೆಯಲು ಸುಮಾರು 50 ಟನ್ ಆಂಟಿಬಯೋಟಿಕ್ ಬಳಸಿತ್ತು. ಟನ್ ಮೀನಿಗೆ ಒಂದು ಕಿಲೋ. ಈಗ ಅಲ್ಲಿ ಬೆಳೆಯುವುದು 15 ಲಕ್ಷ ಟನ್ನಿನ ಆಸುಪಾಸು. ಇತ್ತೀಚಿನ ಎಷ್ಟೋ ವರ್ಷಗಳಲ್ಲಿ ಆಂಟಿಬಯೋಟಿಕ್ ಒಂದು ಟನ್ ಕೂಡ ದಾಟಿಲ್ಲ. ಟನ್ ಮೀನಿಗೆ ಒಂದು ಗ್ರಾಂ ಕೂಡ ಇಲ್ಲ ಅಂತಾಯಿತು. ಸಾವಿರ ಪಟ್ಟು ಇಳಿತ.

ಗುಮಾನಿ
ಈ ನಾರ್ವೆ ಕಥೆ ಎಲ್ಲರೂ ಹೇಳುತ್ತಾರೆ ಮೇಷ್ಟ್ರೇ. ಬ್ಯಾಕ್ಟೀರಿಯಾ ಔಷಧ ಇಳಿಯಿತು, ಸರಿ. ಸಾಲ್ಮನ್ ಮೈಗೆ ಅಂಟುವ ಪರಾವಲಂಬಿ ಸಮುದ್ರ ಹೇನಿಗೆ ಸುರಿದ ರಾಸಾಯನಿಕದ ಲೆಕ್ಕ ಯಾಕೆ ಹೇಳುವುದಿಲ್ಲ? ಎಣ್ಣೆ ಲಸಿಕೆ ಚುಚ್ಚಿಸಿಕೊಂಡ ಮೀನಿನ ಹೊಟ್ಟೆ ಕೊಯ್ದು ನೋಡಿದ್ದೀರಾ?

ಸೂಜಿಮೊನೆ
ನೋಡಿದ್ದೇನೆ. ನೀವು ಹೇಳಿದ್ದು ನಿಜ. ಕೊಯ್ದರೆ ಕರುಳು, ಯಕೃತ್ತು ಹೊಟ್ಟೆಯ ಗೋಡೆಗೆ ಬಿಳಿ ದಾರದ ಹಾಗೆ ಅಂಟಿಕೊಂಡಿರುತ್ತದೆ. ಅಲ್ಲಲ್ಲಿ ಕಪ್ಪು ಮಚ್ಚೆ. ಬೆರಳಲ್ಲಿ ಬಿಡಿಸಲು ಹೋದರೆ ಸುಲಭಕ್ಕೆ ಬರುವುದಿಲ್ಲ. ಅದಕ್ಕೇ 0ಯಿಂದ 6ರವರೆಗೆ ಅಂಕ ಕೊಡುವ ಒಂದು ಅಳತೆ ಇದೆ, ಸ್ಪೀಲ್‌ಬರ್ಗ್ ಸ್ಕೋರ್ ಅಂತ. ಸಿನಿಮಾದವರಲ್ಲ! ಒಂದು, ಎರಡು ಅಂಕ ಸಾಮಾನ್ಯ. ನಾಲ್ಕು, ಐದು ಬಂದರೆ ಮೀನಿಗೆ ಹಿಂಸೆ, ಬೆಳವಣಿಗೆಯೂ ಕುಂಟುತ್ತದೆ. 1990ರ ದಶಕದ ಶುರುವಿನ ಎಣ್ಣೆ ಲಸಿಕೆಗಳಲ್ಲಿ ಇದು ಜಾಸ್ತಿ ಇತ್ತು. ಡೋಸ್ ಅರ್ಧಕ್ಕೆ ಇಳಿಸಿದ್ದರ ಹಿಂದೆ ಈ ಕಾರಣವೂ ಇದೆ.

ಮೀನಿನ ಹೆಜ್ಜೆ
ಹೇನಿನ ವಿಷಯದಲ್ಲೂ ಗುಮಾನಿಯವರ ಪರ ನಾನಿದ್ದೇನೆ. ಇಮಾಮೆಕ್ಟಿನ್, ಪೈರೆಥ್ರಾಯ್ಡ್, ಹೈಡ್ರೋಜನ್ ಪೆರಾಕ್ಸೈಡ್, ಒಂದಾದ ಮೇಲೆ ಒಂದು ಹಾಕಿದರು. ಹೇನುಗಳು ಒಂದೊಂದಕ್ಕೂ ಒಗ್ಗಿಕೊಂಡವು. ಈಗ ಬೆಚ್ಚನೆಯ ನೀರಲ್ಲಿ ಹಾಯಿಸುವುದು, ಬ್ರಷ್‌ನಲ್ಲಿ ಉಜ್ಜುವುದು, ಹೇನು ಹೆಕ್ಕಿ ತಿನ್ನುವ ಲಂಪ್‌ಫಿಶ್ ಬಿಡುವುದು, ಹೀಗೆ ಹೋಗಿದೆ. ತಮಾಷೆ ಅಂದರೆ ಆ ಲಂಪ್‌ಫಿಶ್‌ಗೂ ಲಸಿಕೆ ಚುಚ್ಚಬೇಕು, ಅವಕ್ಕೂ ಫ್ಯೂರಂಕ್ಯುಲೋಸಿಸ್ ಬರುತ್ತದೆ.

ಪರಾವಲಂಬಿಗಳಿಗೆ ಲಸಿಕೆ ಮಾಡುವುದು ಬೇರೆಯದೇ ಪಾಡು. ಬ್ಯಾಕ್ಟೀರಿಯಾವನ್ನು ದೊಡ್ಡ ಪಾತ್ರೆಯಲ್ಲಿ ಸಾರು ಕುದಿಸಿದ ಹಾಗೆ ಬೆಳೆಸಿ ಫಾರ್ಮಲಿನ್ ಹಾಕಿ ಕೊಲ್ಲಬಹುದು. ಬಿಳಿ ಚುಕ್ಕಿ ರೋಗದ ಇಕ್ ಇದೆಯಲ್ಲ, ಅದು ಮೀನಿನ ಮೈ ಬಿಟ್ಟು ಬೇರೆ ಕಡೆ ಬೆಳೆಯಲು ಒಪ್ಪುವುದಿಲ್ಲ. ಒಮ್ಮೆ ಇಕ್ ಬಂದು ಬದುಕಿದ ಮೀನಿಗೆ ಮತ್ತೆ ಬರುವುದು ಕಡಿಮೆ ಅನ್ನುವುದು ಗೊತ್ತು. ಅಂದರೆ ರೋಗನಿರೋಧಕ ಶಕ್ತಿ ಬರುತ್ತದೆ. ಆದರೆ ಲಸಿಕೆಗೆ ಬೇಕಾದಷ್ಟು ಸರಕು ತರುವುದು ಎಲ್ಲಿಂದ?

ಒಣ ಬಲೆ
ಹಾಗಾದರೆ ಚಿಲಿ? ಅಲ್ಲೂ ಅದೇ ಸಾಲ್ಮನ್, ಅದೇ ಸೂಜಿ. ಅಲ್ಲಿ ಆಂಟಿಬಯೋಟಿಕ್ ಯಾಕೆ ಇಳಿಯಲಿಲ್ಲ?

ಮೀನಿನ ಹೆಜ್ಜೆ
ಒಳ್ಳೆಯ ಪ್ರಶ್ನೆ. ಎಲ್ಲಾ ಹುಣ್ಣಿಗೂ ಒಂದೇ ಮುಲಾಮು ಅನ್ನುವವರು ಉತ್ತರ ಕೊಡಲಾಗದ ಪ್ರಶ್ನೆ ಇದು.

ನಾರ್ವೆಯನ್ನು ಕಾಡಿದ್ದು ತಣ್ಣೀರಿನ ವಿಬ್ರಿಯೋಸಿಸ್ ಮತ್ತು ಫ್ಯೂರಂಕ್ಯುಲೋಸಿಸ್. ಎರಡೂ ಬ್ಯಾಕ್ಟೀರಿಯಾ ಜೀವಕೋಶದ ಹೊರಗೆ, ರಕ್ತದಲ್ಲಿ ಓಡಾಡುತ್ತವೆ. ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ರಕ್ತದ ಪ್ರೋಟೀನುಗಳ, ಅಂದರೆ ಪ್ರತಿಕಾಯಗಳ ಕೈಗೆ ಸಿಗುತ್ತವೆ. ಚಿಲಿಯದ್ದು ಪಿಸಿರಿಕೆಟ್ಸಿಯಾ ಸಾಲ್ಮೊನಿಸ್ ಎಂಬ ಬ್ಯಾಕ್ಟೀರಿಯಾ. 1989ರಲ್ಲಿ ಕೋಹೋ ಸಾಲ್ಮನ್‌ನಲ್ಲಿ ಕಂಡದ್ದು. ಅದು ಹೋಗಿ ಕೂರುವುದು ಮ್ಯಾಕ್ರೋಫೇಜ್ ಒಳಗೆ. ಮ್ಯಾಕ್ರೋಫೇಜ್ ಅಂದರೆ ಒಳಗೆ ಬಂದ ರೋಗಾಣುವನ್ನು ನುಂಗಿ ಕೊಲ್ಲಬೇಕಾದ ಕಾವಲುಗಾರ ಕೋಶ. ಕಳ್ಳ ಪೊಲೀಸ್ ಠಾಣೆಯಲ್ಲೇ ಬಾಡಿಗೆಗೆ ಇದ್ದ ಹಾಗೆ. ಪ್ರತಿಕಾಯ ಹೊರಗೆ ಎಷ್ಟು ಸುತ್ತಿದರೂ ಏನು ಬಂತು? ಕೊಂದ ಬ್ಯಾಕ್ಟೀರಿಯಾದ ಎಣ್ಣೆ ಲಸಿಕೆ ಅಲ್ಲಿ ಸಮುದ್ರಕ್ಕೆ ಬಿಟ್ಟ ಮೊದಲ ತಿಂಗಳುಗಳಲ್ಲಿ ಕೆಲಸ ಮಾಡಿ ಆಮೇಲೆ ಸೋಲುತ್ತದೆ. ದುರ್ಬಲಗೊಳಿಸಿದ ಜೀವಂತ ಲಸಿಕೆ ಬಂದಿದೆ, ಅದು ಕೋಶದೊಳಗಿನ ಕಾಳಗಕ್ಕೆ ಮೀನನ್ನು ಚೆನ್ನಾಗಿ ತಯಾರು ಮಾಡುತ್ತದೆ. ಅದು ಬರುವ ಮುಂಚೆ, 2014ರಲ್ಲಿ ಚಿಲಿ ಬಳಸಿದ್ದು 560 ಟನ್‌ಗೂ ಹೆಚ್ಚು ಆಂಟಿಬಯೋಟಿಕ್. ಹೆಚ್ಚಿನ ಪಾಲು ಫ್ಲೋರ್‌ಫೆನಿಕಾಲ್, ಹೆಚ್ಚಿನ ಕಾರಣ ಈ ಒಂದು ಬ್ಯಾಕ್ಟೀರಿಯಾ.

ಲೆಕ್ಕದ ಮೇಷ್ಟ್ರು
ಠಾಣೆಯಲ್ಲಿ ಬಾಡಿಗೆ! ಇದನ್ನು ನಾಳೆ ಕ್ಲಾಸಲ್ಲಿ ಹೇಳುತ್ತೇನೆ ಮೇಡಂ.

ಕೆಸರುಗಾಲು
ದೂರದಿಂದ ಓದುತ್ತಿದ್ದೆ, ಈಗ ಬಾಯಿ ಬಿಡುತ್ತೇನೆ. ನೀವೆಲ್ಲ ಸಾಲ್ಮನ್, ಟ್ರೌಟ್ ಅಂತೀರಿ. ಗೆಂಡೆ ಸಾಕುವ ನಮಗೆ ಯಾರು ಸೂಜಿ ಹಿಡಿಯುತ್ತಾರೆ? ಒಂದು ಮೀನು ಮಾರಿದ್ದರಲ್ಲಿ ಬರುವುದೇ ಅಷ್ಟು, ಅದಕ್ಕೆ ಬಲೆ ಎಳೆದು, ಹಿಡಿದು, ಮಂಪರು ಕೊಟ್ಟು, ಚುಚ್ಚಿ... ಆಗದ ಮಾತು.

ನನ್ನ ಅನುಭವ ಕೇಳಿ. ಕಳೆದ ವರ್ಷ ಮೀನಿನ ಮೈಮೇಲೆ ಕೆಂಪು ಹುಣ್ಣು. ಔಷಧ ಕೊಡುವವನ ಹತ್ತಿರ ಹೋದೆ. ಮೀನು ನೋಡಲಿಲ್ಲ, ನೀರು ನೋಡಲಿಲ್ಲ, ಒಂದು ಆಂಟಿಬಯೋಟಿಕ್ ಪುಡಿ ಕೊಟ್ಟ. ಮೇವಿಗೆ ಬೆರೆಸಿ ಹತ್ತು ದಿನ ಹಾಕು ಅಂದ. ಹಾಕಿದೆ. ಮೊದಲ ಮೂರು ದಿನ ಸಾಯುವುದು ಕಡಿಮೆಯಾಯಿತು, ನಾನೂ ಖುಷಿ. ಆರನೇ ದಿನದಿಂದ ಮತ್ತೆ ಶುರು. ಪುಡಿ ಎರಡು ಪಟ್ಟು ಮಾಡಿದೆ. ಏನೂ ಆಗಲಿಲ್ಲ. ಅರ್ಧಕ್ಕರ್ಧ ಮೀನು ಹೋಯಿತು. ಇದರಲ್ಲಿ ನನ್ನ ತಪ್ಪೆಷ್ಟು, ಔಷಧದ ತಪ್ಪೆಷ್ಟು?

ಲೆಕ್ಕದ ಮೇಷ್ಟ್ರು
ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ಒಂದು ಸಣ್ಣ ಲೆಕ್ಕ. ಯಾವ ಪುಡಿ ಅಂತ ನೀವು ಹೇಳಿಲ್ಲ, ಉದಾಹರಣೆಗೆ ಫ್ಲೋರ್‌ಫೆನಿಕಾಲ್ ತೆಗೆದುಕೊಳ್ಳೋಣ. ಅದರ ಸಾಮಾನ್ಯ ಡೋಸ್ ದಿನಕ್ಕೆ ಒಂದು ಕಿಲೋ ಮೀನಿಗೆ 10 ಮಿಲಿಗ್ರಾಂ, ಹತ್ತು ದಿನ. ಮೀನು ತನ್ನ ತೂಕದ ಶೇ 2ರಷ್ಟು ತಿನ್ನುತ್ತದೆ ಅಂದುಕೊಂಡರೆ ಒಂದು ಕಿಲೋ ಮೀನಿಗೆ 20 ಗ್ರಾಂ ಮೇವು. ಆ 20 ಗ್ರಾಮಿನಲ್ಲಿ 10 ಮಿಲಿಗ್ರಾಂ ಇರಬೇಕು ಅಂದರೆ ಕಿಲೋ ಮೇವಿಗೆ 500 ಮಿಲಿಗ್ರಾಂ. ಕಾಗದದ ಮೇಲೆ ಸರಿ.

ಆದರೆ ಹುಷಾರಿಲ್ಲದ ಮೀನು ಮೇವು ತಿನ್ನುವುದಿಲ್ಲ. ಕಾಲು ಭಾಗ ತಿಂದರೆ ಅದಕ್ಕೆ ಸಿಕ್ಕಿದ್ದು 2.5 ಮಿಲಿಗ್ರಾಂ. ಬ್ಯಾಕ್ಟೀರಿಯಾ ಸಾಯಲು ಸಾಲದು, ಆ ಔಷಧಕ್ಕೆ ಪಳಗಲು ಸಾಕು. ಆರೋಗ್ಯವಾಗಿರುವ ಮೀನು ಮಿಕ್ಕಿದ್ದನ್ನೂ ಬಾಚಿ ತಿನ್ನುತ್ತದೆ. ಅಂದರೆ ಔಷಧ ಬೇಡದವನಿಗೆ ಜಾಸ್ತಿ, ಬೇಕಾದವನಿಗೆ ಕಡಿಮೆ. ನೀವು ಎರಡು ಪಟ್ಟು ಮಾಡಿದಾಗ ಮೊದಲನೆಯವನಿಗೆ ಎರಡು ಪಟ್ಟಾಯಿತು, ಅಷ್ಟೇ.

ಮೀನಿನ ಹೆಜ್ಜೆ
ಮೇಷ್ಟ್ರ ಲೆಕ್ಕ ಸರಿ. ಇನ್ನೊಂದೆರಡು ಸೇರಿಸಿ. ಪುಡಿ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಆಗಿದ್ದರೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದುಕೊಳ್ಳುತ್ತವೆ. ತಿಂದದ್ದರಲ್ಲೂ ಹೆಚ್ಚಿನದು ರಕ್ತಕ್ಕೆ ಸೇರದೆ ಮಲದಲ್ಲೇ ಹೊರಗೆ ಹೋಗುತ್ತದೆ. ಕೊಳದ ತಳದ ಕೆಸರಿಗೆ ಹೋದರೆ ಅಲ್ಲಿಯೂ ಬೇಗ ಕರಗುವುದಿಲ್ಲ. ಹುಣ್ಣಿಗೆ ಕಾರಣ ವೈರಸ್ ಅಥವಾ ಬೂಷ್ಟು ಆಗಿದ್ದರೆ ಯಾವ ಆಂಟಿಬಯೋಟಿಕ್ ಕೊಟ್ಟರೂ ಅಷ್ಟೇ. ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ಯಾವ ಔಷಧಕ್ಕೆ ಸಾಯುತ್ತದೆ ಅಂತ ನೋಡದೆ ಪುಡಿ ಕೊಟ್ಟದ್ದು ತಪ್ಪು. ಆ ತಪ್ಪು ನಿಮ್ಮದಲ್ಲ, ಕೊಟ್ಟವನದ್ದು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಅಂತ ಯಾರಾದರೂ ಕೈಗಿಟ್ಟರೆ ಮಾತ್ರ ತಿರುಗಿ ನೋಡದೆ ಎದ್ದು ಬನ್ನಿ. ತಿನ್ನುವ ಪ್ರಾಣಿಗೆ ಅವು ನಿಷೇಧ.

ಔಷಧ ಕೊಟ್ಟ ಮೀನನ್ನು ಎಷ್ಟು ದಿನ ಬಿಟ್ಟು ಹಿಡಿಯಬೇಕು ಅನ್ನುವುದನ್ನೂ ಯಾರೂ ಹೇಳಿರಲಿಕ್ಕಿಲ್ಲ. ಮೀನು ತಣ್ಣನೆ ರಕ್ತದ ಪ್ರಾಣಿ, ಹಾಗಾಗಿ ಅದನ್ನು ಡಿಗ್ರಿ-ದಿನದಲ್ಲಿ ಎಣಿಸುತ್ತಾರೆ. ನೀರಿನ ಉಷ್ಣಾಂಶವನ್ನು ದಿನಗಳಿಂದ ಗುಣಿಸುವುದು. 500 ಡಿಗ್ರಿ-ದಿನ ಅಂದರೆ 10 ಡಿಗ್ರಿ ನೀರಲ್ಲಿ 50 ದಿನ, 25 ಡಿಗ್ರಿಯಲ್ಲಿ 20 ದಿನ. ಲಸಿಕೆ ಹತ್ತುವುದಕ್ಕೂ ಇದೇ ಲೆಕ್ಕ. ಸಾಲ್ಮನ್‌ಗೆ ಚುಚ್ಚಿದ ಮೇಲೆ ಸಮುದ್ರಕ್ಕೆ ಬಿಡುವ ಮುಂಚೆ 400-500 ಡಿಗ್ರಿ-ದಿನ ಕಾಯುತ್ತಾರೆ. ಹೆಪ್ಪುಗಟ್ಟುವ ನೀರಲ್ಲಿ ಚುಚ್ಚಿ ಮುಂದಿನ ವಾರ ರೋಗ ಬಂತು ಅಂದರೆ ಲಸಿಕೆಯನ್ನು ದೂರಬಾರದು.

ಕೆಸರುಗಾಲು
ಕೊಟ್ಟವನದ್ದೂ ತಪ್ಪು, ಕೇಳದೆ ತಂದ ನನ್ನದೂ ತಪ್ಪು ಬಿಡಿ. ಸರಿ, ಸೂಜಿ ಆಗಲ್ಲ ಅಂದಮೇಲೆ ಗೆಂಡೆಗೆ ತಿನ್ನಿಸುವ ಲಸಿಕೆ ಯಾಕಿಲ್ಲ? 1942ರಲ್ಲೇ ಆಗಿತ್ತು ಅಂದಿರಿ.

ಮೀನಿನ ಹೆಜ್ಜೆ
ಟ್ರೌಟ್, ಸಾಲ್ಮನ್‌ಗೆ ಹೊಟ್ಟೆಯಲ್ಲಿ ಆಮ್ಲ ಇದೆ. ಲಸಿಕೆಯನ್ನು ಮಾಂಸದ ಚೂರಿನ ಹಾಗೆ ಜೀರ್ಣ ಮಾಡಿಬಿಡುತ್ತದೆ. ರೋಗನಿರೋಧಕ ಕೋಶಗಳು ಕಾದು ಕೂತಿರುವುದು ಕರುಳಿನ ಹಿಂಭಾಗದಲ್ಲಿ. ಅಲ್ಲಿಗೆ ಮುಟ್ಟಿಸಲು ಆಲ್ಜಿನೇಟ್, ಕೈಟೊಸಾನ್ ಅಂತ ಏನೇನೋ ಹೊದಿಕೆ ಹಾಕಿ ನೋಡಿದ್ದಾರೆ.

ಗೆಂಡೆಯ ವಿಷಯ ಕುತೂಹಲದ್ದು. ಗೆಂಡೆ ಜಾತಿಗೆ ಜಠರವೇ ಇಲ್ಲ! ಗಂಟಲಿನಿಂದ ನೇರ ಕರುಳು. ಆಮ್ಲದ ಕಾಟ ಇಲ್ಲ. ಕೇಳಿದರೆ ಇದೇ ತಿನ್ನಿಸುವ ಲಸಿಕೆಗೆ ಹೇಳಿ ಮಾಡಿಸಿದ ಮೀನು ಅನ್ನಿಸುತ್ತದೆ ಅಲ್ವಾ? ಆದರೆ ಕಿಣ್ವಗಳು ಅಲ್ಲೂ ಕತ್ತರಿಸುತ್ತವೆ. ಯಾವ ಮೀನು ಎಷ್ಟು ತಿಂದಿತು ಅನ್ನುವ ಮೇಷ್ಟ್ರ ಸಮಸ್ಯೆ ಇಲ್ಲೂ ಇದೆ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ತಿನ್ನಿಸಿದರೆ ದೇಹ ಅದನ್ನು ಮೇವಿನ ಭಾಗವೆಂದೇ ತಿಳಿದು ಸುಮ್ಮನಾಗುವ ಅಪಾಯವೂ ಇದೆ. ಹಾಗಾಗಿ ತಿನ್ನಿಸುವ ಲಸಿಕೆಯನ್ನು ಈಗ ಹೆಚ್ಚಾಗಿ ಬೂಸ್ಟರ್ ಆಗಿ, ಮೊದಲು ಅದ್ದಿದ ಮೀನಿಗೆ ಆಮೇಲೆ ಕೊಡುತ್ತಾರೆ.

ಹಾಗಂತ ಗೆಂಡೆಯನ್ನು ಎಲ್ಲರೂ ಮರೆತಿಲ್ಲ. ಗೆಂಡೆಯ ವಸಂತ ವೈರೀಮಿಯಾ ರೋಗಕ್ಕೆ 1982ರಲ್ಲಿ ಚೆಕೊಸ್ಲೊವಾಕಿಯಾದ ಬಯೋವೆಟಾ ತಂದದ್ದೇ ಮೀನಿನ ವೈರಸ್‌ಗೆ ಬಂದ ಮೊದಲ ಮಾರಾಟದ ಲಸಿಕೆ. ಚೀನಾದಲ್ಲಿ ಹುಲ್ಲುಗೆಂಡೆಯ ರಕ್ತಸ್ರಾವ ರೋಗಕ್ಕೆ ಮೊದಲು ರೋಗದಿಂದ ಸತ್ತ ಮೀನಿನ ಅಂಗಗಳನ್ನೇ ಅರೆದು ಫಾರ್ಮಲಿನ್ ಹಾಕಿ ಚುಚ್ಚುತ್ತಿದ್ದರು, ಆಮೇಲೆ ಜೀವಂತ ದುರ್ಬಲ ಲಸಿಕೆ ಬಂತು. ಗೆಂಡೆ ಜಾತಿಗೆ ಬರುವ ಕೋಯಿ ಹರ್ಪಿಸ್ ವೈರಸ್‌ಗೆ ಇಸ್ರೇಲ್‌ನಲ್ಲಿ ಒಂದು ಲಸಿಕೆ ಮಾಡಿದರು.

ಸೂಜಿಮೊನೆ
ಕ್ಯಾಟ್‌ಫಿಶ್ ಕಥೆ ಹೇಳಿ ಮೇಡಂ. ಅದು ಕೆಸರುಗಾಲು ಅಣ್ಣನಿಗೆ ಹತ್ತಿರದ್ದು, ಕೊಳದ ಮೀನು.

ಮೀನಿನ ಹೆಜ್ಜೆ
ಹೌದು, ಅದು ಬಿಟ್ಟೇ ಹೋಗಿತ್ತು. ಅಮೆರಿಕದ ಕ್ಯಾಟ್‌ಫಿಶ್ ಕೊಳಗಳಲ್ಲಿ ಎಡ್ವರ್ಡ್‌ಸಿಯೆಲ್ಲಾ ಇಕ್ಟಲುರಿ ಅನ್ನುವ ಬ್ಯಾಕ್ಟೀರಿಯಾ ಇದೆ. ಅದನ್ನು ರಿಫಾಂಪಿಸಿನ್ ಔಷಧದಲ್ಲಿ ಮತ್ತೆ ಮತ್ತೆ ಬೆಳೆಸಿ ಸೊರಗಿಸಿ, ಜೀವಂತ ಲಸಿಕೆ ಮಾಡಿ, 2000ದ ಆಸುಪಾಸು ಮಾರುಕಟ್ಟೆಗೆ ಬಿಟ್ಟರು. ಅದ್ದುವ ಲಸಿಕೆ. ಲ್ಯಾಬಿನಲ್ಲಿ ಚೆನ್ನಾಗಿತ್ತು. ತೊಂದರೆ ಏನಂದರೆ ಹ್ಯಾಚರಿಯಿಂದ ಮರಿ ಕೊಳಕ್ಕೆ ಹೋಗುವುದು ಹುಟ್ಟಿದ ಹತ್ತು ದಿನದ ಹೊತ್ತಿಗೆ. ಅದ್ದಲು ಸಿಗುವುದು ಆ ಒಂದೇ ಸಮಯ. ಅಷ್ಟು ಎಳೆ ಮರಿಗೆ ಲಸಿಕೆಯನ್ನು ನೆನಪಿಡುವ ಶಕ್ತಿಯೇ ಬಲಿತಿರುವುದಿಲ್ಲ. ಶಕ್ತಿ ಬಲಿಯುವ ಹೊತ್ತಿಗೆ ಮರಿ ಕೊಳದಲ್ಲಿ ಕರಗಿಹೋಗಿರುತ್ತದೆ, ಮತ್ತೆ ಹಿಡಿಯುವವರು ಯಾರು?

ಆಮೇಲೆ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದರು. ಮರಿ ಬೆರಳುದ್ದ ಆಗುವವರೆಗೆ ಕಾದು, ಜೀವಂತ ಲಸಿಕೆಯನ್ನು ಮೇವಿನ ಮೇಲೆ ಸಿಂಪಡಿಸಿ ಕೊಳದಲ್ಲೇ ತಿನ್ನಿಸಿದರು. ಜೀವಂತ ಬ್ಯಾಕ್ಟೀರಿಯಾ ಆದ್ದರಿಂದ ಕರುಳಿನಿಂದ ತಾನೇ ಒಳಗೆ ನುಗ್ಗುತ್ತದೆ. ಬದುಕುಳಿದ ಮೀನಿನ ಸಂಖ್ಯೆ ಏರಿತು. ಕೊಳದ ಮೀನಿಗೆ ನನಗೆ ಎಲ್ಲಕ್ಕಿಂತ ಭರವಸೆ ಹುಟ್ಟಿಸುವ ಕೆಲಸ ಇದು, ಯಾಕೆಂದರೆ ಇಲ್ಲಿ ಯಾರೂ ಮೀನನ್ನು ಮುಟ್ಟಲೇ ಇಲ್ಲ.

ಗುಮಾನಿ
ಜೀವಂತ ರೋಗಾಣುವನ್ನು ಕೊಳಕ್ಕೆ ಬಿಡುವುದು ಭರವಸೆಯಾ? ತಿರುಗಿ ರೋಗ ತರುವ ಗುಣ ಬಂದುಬಿಟ್ಟರೆ? ಇನ್ನು ಡಿಎನ್‌ಎ ಲಸಿಕೆ ಬೇರೆ ಇದೆಯಂತೆ. ಅದನ್ನು ಚುಚ್ಚಿದ ಮೀನು ತಿಂದರೆ ಕುಲಾಂತರಿ ತಿಂದ ಹಾಗಲ್ವಾ?

ಮೀನಿನ ಹೆಜ್ಜೆ
ಮೊದಲನೆಯದು ನ್ಯಾಯವಾದ ಭಯ. ಜೀವಂತ ಲಸಿಕೆಗೆ ಪರವಾನಗಿ ಕೊಡುವ ಮುಂಚೆ ಮೀನಿನಿಂದ ಮೀನಿಗೆ ಸಾಲಾಗಿ ದಾಟಿಸಿ, ರೋಗ ತರುವ ಗುಣ ಮರಳುತ್ತದಾ ಅಂತ ನೋಡುವುದು ಅದಕ್ಕೇ. ನೀರಿನಲ್ಲಿ ಬಿಟ್ಟದ್ದು ಪಕ್ಕದ ಹೊಳೆಗೂ ಹೋಗುತ್ತದೆ, ಹಾಗಾಗಿ ಹಲವು ದೇಶಗಳು ಜೀವಂತ ಲಸಿಕೆಗೆ ಸುಲಭಕ್ಕೆ ಒಪ್ಪುವುದಿಲ್ಲ.

ಎರಡನೆಯದು. 2005ರಲ್ಲಿ ಕೆನಡಾ ಒಪ್ಪಿಗೆ ಕೊಟ್ಟ, ಸಾಲ್ಮನ್ ಕೊಲ್ಲುವ ಐಎಚ್‌ಎನ್ ಎಂಬ ವೈರಸ್‌ನ ಲಸಿಕೆ ಸಾಕುವ ಮೀನಿನ ಮೊದಲ ಡಿಎನ್‌ಎ ಲಸಿಕೆ. ವೈರಸ್‌ನ ಹೊರಕವಚದ ಒಂದು ಪ್ರೋಟೀನಿನ ಜೀನ್ ಮಾತ್ರ ಇರುವ ಸಣ್ಣ ಡಿಎನ್‌ಎ ಉಂಗುರವನ್ನು ಮಾಂಸಖಂಡಕ್ಕೆ ಚುಚ್ಚುತ್ತಾರೆ. ಆ ಜಾಗದ ಕೋಶಗಳು ಕೆಲ ಕಾಲ ಆ ಪ್ರೋಟೀನ್ ತಯಾರಿಸುತ್ತವೆ, ಮೀನಿನ ದೇಹ ಅದನ್ನು ಗುರುತು ಹಿಡಿದುಕೊಳ್ಳುತ್ತದೆ. 2017ರಲ್ಲಿ ಯುರೋಪ್ ಕ್ಲಿನಾವ್ ಎಂಬ ಲಸಿಕೆಗೆ ಒಪ್ಪಿಗೆ ಕೊಟ್ಟಿತು, ಸಾಲ್ಮನ್‌ನ ಪ್ಯಾಂಕ್ರಿಯಾಸ್ ರೋಗಕ್ಕೆ. ನಿಮ್ಮ ಪ್ರಶ್ನೆಯನ್ನೇ ಅಲ್ಲಿನವರೂ ಕೇಳಿ, ಆ ಡಿಎನ್‌ಎ ಮೀನಿನ ಜೀನೋಮಿನೊಳಗೆ ಸೇರುವ ಸಾಧ್ಯತೆ ತೀರಾ ಕಡಿಮೆ ಅಂತ ತೀರ್ಮಾನಿಸಿದರು. ಸಂತಾನಕ್ಕೆ ದಾಟುವಂತೆ ಜೀನ್ ತಿದ್ದಿದ ಮೀನೇ ಬೇರೆ, ಇದೇ ಬೇರೆ.

ಗುಮಾನಿ
ಸರಿ, ಇದರಲ್ಲಿ ಅರ್ಧ ಒಪ್ಪಿದೆ.

ಲೆಕ್ಕದ ಮೇಷ್ಟ್ರು
ಲಸಿಕೆಯ ಡಬ್ಬಿಯ ಮೇಲೆ 'ಶೇ 80 ರಕ್ಷಣೆ' ಅಂತ ಕಂಡರೆ ಗುಮಾನಿಯವರ ಹೆಸರನ್ನು ನೆನೆಸಿಕೊಳ್ಳಿ. ಮೀನಿನಲ್ಲಿ ಅದನ್ನು ಆರ್‌ಪಿಎಸ್ ಅನ್ನುತ್ತಾರೆ, ಲಸಿಕೆ ಹಾಕದವಕ್ಕೆ ಹೋಲಿಸಿ ಬದುಕುಳಿದ ಪ್ರಮಾಣ ಅಂತ. ಲಸಿಕೆ ಹಾಕದ ಗುಂಪಿನಲ್ಲಿ ನೂರಕ್ಕೆ 70 ಸತ್ತು, ಹಾಕಿದ ಗುಂಪಿನಲ್ಲಿ 14 ಸತ್ತರೆ, 14 ಭಾಗಿಸು 70 ಅಂದರೆ 0.2. ಒಂದರಿಂದ ಕಳೆದರೆ 0.8, ಅದೇ ಶೇ 80. ಆದರೆ ಲಸಿಕೆ ಹಾಕದ ಗುಂಪಿನಲ್ಲಿ 10 ಸತ್ತು ಹಾಕಿದ್ದರಲ್ಲಿ 2 ಸತ್ತರೂ ಶೇ 80! ಎಂಟು ಮೀನಿನ ವ್ಯತ್ಯಾಸ ಬರೀ ಅದೃಷ್ಟವೂ ಇರಬಹುದು. ಹಾಕದ ಗುಂಪಿನಲ್ಲಿ ಕನಿಷ್ಠ ಶೇ 60 ಸತ್ತಿರಬೇಕು ಅನ್ನುವುದು ಈ ಪರೀಕ್ಷೆಯ ಹಳೆಯ ಕಟ್ಟಳೆ. ತೊಟ್ಟಿಯೋ ಕೊಳವೋ, ಚುಚ್ಚಿ ರೋಗ ಬರಿಸಿದರೋ ತಾನಾಗಿ ಬಂತೋ, ಲಸಿಕೆ ಹಾಕಿ ಎಷ್ಟು ದಿನದ ಮೇಲೆ, ಇಷ್ಟು ಕೇಳದೆ ಆ ಅಂಕಿ ನಂಬಬೇಡಿ.

ಒಣ ಬಲೆ
ಒಮ್ಮೆ ಸರಿಯಾದ ಲಸಿಕೆ ಸಿಕ್ಕರೆ ಮುಗಿಯಿತಾ? ಎಷ್ಟು ವರ್ಷ ನಡೆಯುತ್ತದೆ?

ಮೀನಿನ ಹೆಜ್ಜೆ
ಮೊದಲು ಹೇಳಿದ ಬಾಯಿ ಕೆಂಪು ರೋಗದ ಲಸಿಕೆಯನ್ನೇ ನೋಡಿ. ಮೀನಿನ ಲಸಿಕೆಗಳಲ್ಲಿ ಅದರಷ್ಟು ನಂಬಿಕೆಯದು ಇನ್ನೊಂದಿರಲಿಲ್ಲ. ಹಲವು ವರ್ಷ ಗಟ್ಟಿಯಾಗಿ ನಿಂತಿತು. ಆಮೇಲೆ ಲಸಿಕೆ ಹಾಕಿದ ಟ್ರೌಟ್‌ಗಳೂ ಸಾಯತೊಡಗಿದವು. ನೋಡಿದರೆ ಬ್ಯಾಕ್ಟೀರಿಯಾ ತನ್ನ ಬಾಲದಂಥ ಫ್ಲಾಜೆಲ್ಲಾ ಬಿಟ್ಟು ಚಲನೆಯಿಲ್ಲದ ರೂಪ ತಳೆದಿತ್ತು. ಬಯೋಟೈಪ್ 2 ಅಂತ ಹೆಸರಾಯಿತು. ಅದನ್ನೂ ಸೇರಿಸಿ ಲಸಿಕೆ ಹೊಸದಾಗಿ ಮಾಡಬೇಕಾಯಿತು. ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಪ್ರತಿ ವರ್ಷದ ರೋಗಾಣು ತಳಿ ಇಟ್ಟಿರುವುದು ಇದಕ್ಕೇ. ಎಲ್ಲೂ ಸಿದ್ಧ ಲಸಿಕೆ ಇಲ್ಲದಿದ್ದರೆ ಒಂದು ಫಾರಂನ ರೋಗಾಣುವಿನಿಂದಲೇ ಆ ಫಾರಂಗೆ ಮಾತ್ರ ಲಸಿಕೆ ಮಾಡಿಕೊಡುವ ಪದ್ಧತಿಯೂ ಇದೆ. ಆಟೋಜೀನಸ್ ಲಸಿಕೆ ಅಂತ. ಟಿಲಾಪಿಯಾ ಸಾಕುವವರು ಇದನ್ನು ಬಳಸುತ್ತಾರೆ.

ಹಿನ್ನೀರು
ಮಧ್ಯ ಬರುತ್ತಿದ್ದೇನೆ, ಕ್ಷಮಿಸಿ. ಸೀಗಡಿಗೆ ಲಸಿಕೆ ಇದೆಯಾ?

ಮೀನಿನ ಹೆಜ್ಜೆ
ಸೀಗಡಿಗೆ ಪ್ರತಿಕಾಯವೇ ಇಲ್ಲ. ಮೀನಿನ ಹಾಗೆ ರೋಗ ನೆನಪಿಡುವ ವ್ಯವಸ್ಥೆ ಇಲ್ಲದ್ದರಿಂದ ಮಾಮೂಲಿ ಅರ್ಥದ ಲಸಿಕೆ ಕಷ್ಟ. ಅಲ್ಲಿ ರೋಗವಿಲ್ಲದ ತಾಯಿ ಸೀಗಡಿ, ಪಿಸಿಆರ್ ಪರೀಕ್ಷೆಯಲ್ಲಿ ರೋಗಾಣು ಇಲ್ಲ ಅಂತ ಖಚಿತವಾದ ಮರಿ, ಇವೇ ರಕ್ಷಣೆ. 'ಸೀಗಡಿ ವ್ಯಾಕ್ಸಿನ್' ಅಂತ ಯಾರಾದರೂ ಮಾರಲು ಬಂದರೆ ಎರಡು ಸಲ ಕೇಳಿ.

ಸೂಜಿಮೊನೆ
ತಳಿ ಅಂದದ್ದಕ್ಕೆ ನೆನಪಾಯಿತು. ಸಾಲ್ಮನ್ ಮರಿಗಳನ್ನು ಕೊಲ್ಲುವ ಐಪಿಎನ್ ಎಂಬ ವೈರಸ್‌ಗೆ ಲಸಿಕೆ ಇತ್ತು, ಆದರೂ ಮರಿ ಸಾಯುವುದು ನಿಂತಿರಲಿಲ್ಲ. ಆ ರೋಗ ತಡೆಯುವ ಶಕ್ತಿ ಹೆಚ್ಚಾಗಿ ಒಂದೇ ಜೀನ್ ಜಾಗದಲ್ಲಿದೆ ಅಂತ ಗೊತ್ತಾದ ಮೇಲೆ, ಆ ಗುಣ ಇರುವ ತಾಯಿ ತಂದೆ ಮೀನನ್ನೇ ಆರಿಸಿ ಮೊಟ್ಟೆ ತೆಗೆದರು. ನಾರ್ವೆಯಲ್ಲಿ ಕೆಲವೇ ವರ್ಷದಲ್ಲಿ ಆ ರೋಗ ಗಣನೀಯವಾಗಿ ಇಳಿಯಿತು. ಸೂಜಿ ಹಿಡಿದ ನಾನೇ ಹೇಳುತ್ತಿದ್ದೇನೆ, ಅಲ್ಲಿ ಸೂಜಿಗಿಂತ ಮೊಟ್ಟೆ ಗೆದ್ದಿತು.

ಕೆಸರುಗಾಲು
ನನ್ನ ಕೊಳಕ್ಕೆ ನಾಳೆ ಲಸಿಕೆ ಬರುವುದಿಲ್ಲ ಅಂತ ಅರ್ಥವಾಯಿತು. ಮತ್ತೆ ಹುಣ್ಣು ಕಂಡರೆ ಲ್ಯಾಬಿಗೆ ಏನು ತರಲಿ ಮೇಡಂ? ಹೋದ ಸಲ ಒಂದು ಲ್ಯಾಬಿಗೆ ತಗೊಂಡು ಹೋಗಿದ್ದೆ, ಏನೂ ಹೇಳಲಾಗುವುದಿಲ್ಲ ಅಂತ ವಾಪಸ್ ಕಳಿಸಿದರು.

ಮೀನಿನ ಹೆಜ್ಜೆ
ಯಾವ ಮೀನು ಒಯ್ದಿದ್ದಿರಿ?

ಕೆಸರುಗಾಲು
ಬೆಳಗ್ಗೆ ಸತ್ತು ತೇಲುತ್ತಿತ್ತಲ್ಲ, ಅದನ್ನೇ. ಕವರಿನಲ್ಲಿ ಕಟ್ಟಿ, ಮಧ್ಯಾಹ್ನದ ಬಸ್ಸಿನಲ್ಲಿ.

ಮೀನಿನ ಹೆಜ್ಜೆ
ಅಯ್ಯೋ. ಅಷ್ಟು ಹೊತ್ತಿಗೆ ಅದರೊಳಗೆ ಕೊಳದ ಬ್ಯಾಕ್ಟೀರಿಯಾ ಎಲ್ಲಾ ಸಂತೆ ಮಾಡಿರುತ್ತವೆ. ಕೊಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಸತ್ತದ್ದು ಬೇಡ. ಹುಷಾರಿಲ್ಲದೆ ದಡಕ್ಕೆ ಬಂದು ಬಾಯಿ ಆಡಿಸುತ್ತಿರುತ್ತದಲ್ಲ, ಆ ಜೀವಂತ ಮೀನು ನಾಲ್ಕೈದು ಬೇಕು. ಅದೇ ಕೊಳದ ನೀರಲ್ಲಿ, ಗಾಳಿ ತುಂಬಿದ ಚೀಲದಲ್ಲಿ ತನ್ನಿ. ಬೇರೆ ಬಾಟಲಿಯಲ್ಲಿ ನೀರು. ಮುಖ್ಯವಾಗಿ, ಪುಡಿ ಹಾಕುವ ಮುಂಚೆ ತನ್ನಿ. ಪುಡಿ ಹಾಕಿ ತಂದರೆ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ, ಆಗಲೂ 'ಏನೂ ಹೇಳಲಾಗುವುದಿಲ್ಲ' ಅಂತಲೇ ಬರೆದುಕೊಡಬೇಕಾಗುತ್ತದೆ.

ಕೆಸರುಗಾಲು
ಓ, ಹಾಗಾ. ಅದಕ್ಕೇ ಆ ಲ್ಯಾಬಿನ ಹುಡುಗ ಮೂಗು ಮುಚ್ಚಿಕೊಂಡು ಸಹಿ ಹಾಕಿದ್ದು.

ಸೂಜಿಮೊನೆ
ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತವರನ್ನು ನೆನೆಸಿಕೊಂಡರೆ ನನಗೆ ಪಾಪ ಅನ್ನಿಸುತ್ತಿದೆ.